ಮಡಕಶಿರದ ಟೆಂಟಿನಲ್ಲಿ ಹಿಂದುಮುಂದಾದ ರೀಲು

ಸಿನಿಮಾ ಆಪರೇಟರನ ಕೆಲಸ ನಿಜಕ್ಕೂ ಹೇಗಿತ್ತು ಎಂಬುದನ್ನು ಬರೆದುಕೊಡಿ ಎಂದು ಶಾಹೀನಾ ಮೇಡಂ ಕೇಳಿದ್ದಾರೆ. ಅವರು ನಮ್ಮ ರಾಯದುರ್ಗದ ಕಾಲೇಜೊಂದರಲ್ಲಿ ಪಾಠ ಮಾಡುವವರು. ಅವರ ಹತ್ತಿರ ಓದಿದ ನಾಲ್ಕೈದು ಮಂದಿ ಈಗ ಅನಂತಪುರ, ಬಳ್ಳಾರಿಯ ಚಿತ್ರಮಂದಿರಗಳಲ್ಲಿ ಮಿಷನ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಾರಂತೆ, ಅವರಿಗೆ ಉಪಯೋಗವಾಗಲಿ ಎಂದು. ಉಪಯೋಗ ಆಗುತ್ತದೋ ಇಲ್ಲವೋ ನನಗೆ ತಿಳಿಯದು. ಹೇಳಿದ ಕೆಲಸ ಮಾಡುವುದು ನನಗೆ ಮೊದಲಿನಿಂದ ರೂಢಿ. ಅದಕ್ಕೇ ಬರೆಯುತ್ತಿದ್ದೇನೆ.

ಮಕ್ಕಳೇ, ನಿಮಗೆ ಸಿನಿಮಾ ಒಂದು ಡಬ್ಬಿಯೊಳಗೆ ಬಂದು ಕೂತಿರುತ್ತದೆ. ಪಾಸ್‌ವರ್ಡ್ ಒತ್ತಿದರೆ ಓಡುತ್ತದೆ, ಒತ್ತದಿದ್ದರೆ ಇಲ್ಲ. ನಮಗೆ ಎರಡು ಕಾರ್ಬನ್ ಕಡ್ಡಿಗಳನ್ನು ಮೂತಿಗೆ ಮೂತಿ ಹಿಡಿದು ಬೆಂಕಿ ಎಬ್ಬಿಸಬೇಕಿತ್ತು. ಕಡ್ಡಿ ಸವೆದಂತೆ ಎರಡನ್ನೂ ಹತ್ತಿರ ತರುತ್ತಿರಬೇಕು. ಒಂದು ಗಳಿಗೆ ಮೈಮರೆತರೆ ಪರದೆ ಕೆಂಪಗಾಗಿ, ಆಮೇಲೆ ಕಪ್ಪಾಗಿ, ಕೆಳಗಿನಿಂದ ಜನ ನನ್ನ ಹೆತ್ತ ತಾಯಿಯ ಸುದ್ದಿ ಎತ್ತುತ್ತಿದ್ದರು. ಕ್ಯಾಬಿನ್ನಿನ ಕಾವಿಗೆ ಬನಿಯನ್ ಮೈಗೆ ಅಂಟಿಕೊಂಡಿರುತ್ತಿತ್ತು. ಈಗ ಆ ಕೋಣೆಗೆ ಏಸಿ ಹಾಕಿದ್ದಾರೆ, ಮನುಷ್ಯನಿಗಲ್ಲ, ಮಿಷನ್ನಿಗೆ.

ನಮ್ಮ ಟಾಕೀಸಿನ ಯಜಮಾನರ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಈಗ ಅವರಿಲ್ಲ. ರಾಯದುರ್ಗದಲ್ಲಿ ಒಂದು ಟಾಕೀಸು, ಬೇಸಿಗೆ ಬಂತೆಂದರೆ ಮಡಕಶಿರ, ಅಮರಾಪುರದ ಕಡೆ ಒಂದು ಟೂರಿಂಗ್ ಟೆಂಟು, ಇಷ್ಟು ಅವರ ಸಾಮ್ರಾಜ್ಯ. ಕೆಟ್ಟವರಲ್ಲ. ಆದರೆ ಸಿನಿಮಾವನ್ನು ಅವರು ಬಟ್ಟೆಯ ಹಾಗೆ ನೋಡುತ್ತಿದ್ದರು, ಉದ್ದವಾದರೆ ಕತ್ತರಿಸುವುದು, ಸಾಲದಿದ್ದರೆ ಜೋಡಿಸುವುದು. ಕಣೇಕಲ್ಲಿನ ಜನ ಕೊನೆಯ ಬಸ್ಸು ಹಿಡಿಯಬೇಕಾದರೆ ಎರಡು ಹಾಡು, ಒಂದು ಅಳುವ ಸೀನು ಹಾರಿಸು ಎನ್ನುತ್ತಿದ್ದರು. ನಾನು ಹಾರಿಸುತ್ತಿದ್ದೆ. ಕಣೇಕಲ್ಲಿನವರು ಅರ್ಧ ಬದುಕು ಯಾವ ಸಿನಿಮಾದ ಕಥೆಯನ್ನೂ ಪೂರ್ತಿ ನೋಡಿಲ್ಲ, ಅದರ ಪಾಪ ನನ್ನದು.

"ತಿಪ್ಪೇಸ್ವಾಮಿ, ನೀ ಆಪರೇಟರ್ ಅದಿ. ಹೇಳಿದಷ್ಟು ಮಾಡು. ಉಳಿದದ್ದು ನನಗ ಬಿಡು" ಎಂದು ಅವರು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದರು. ನಾನೂ ಬಿಟ್ಟಿದ್ದೆ. ಯೋಚನೆ ಅವರದು, ಕೈಕಾಲು ನನ್ನದು. ಹಾಗಿದ್ದರೆ ಒಂದು ನೆಮ್ಮದಿ ಇರುತ್ತದೆ. ಸುಳ್ಳೇಕೆ ಹೇಳಲಿ?

ಆ ನೆಮ್ಮದಿಯೇ ನನ್ನ ಸಂಸಾರಕ್ಕೆ ಕುತ್ತಾಯಿತು. ನನ್ನ ಹೆಂಡತಿ ರಂಗಮ್ಮನ ತವರು ಮಡಕಶಿರ. ಮದುವೆಯಾಗಿ ಎರಡು ವರ್ಷವಾಗಿತ್ತು, ಅವಳ ತಂದೆ ತೀರಿಕೊಂಡರೆಂದು ಗುರುವಾರ ತಂತಿ ಬಂತು. ಮರುದಿನ ಹೊಸ ಸಿನಿಮಾ ಬಿಡುಗಡೆ. ನಾನು ಹೋಗಿ ಯಜಮಾನರ ಮುಂದೆ ನಿಂತೆ. "ಆಕಿನ್ನ ಬಸ್ಸಿಗೆ ಹತ್ತಿಸು. ನೀ ಸೋಮವಾರ ಹೋಗುವಿಯಂತ" ಎಂದರು. ನಾನು ಹಾಗೇ ಮಾಡಿದೆ. ಕಣ್ಣೀರು ಸುರಿಸುತ್ತಿದ್ದವಳನ್ನು ಒಬ್ಬಳನ್ನೇ ಬಸ್ಸಿಗೆ ಹತ್ತಿಸಿ, ಬಂದು ಕಾರ್ಬನ್ ಹೊತ್ತಿಸಿದೆ. ಸೋಮವಾರ ಹೋದಾಗ ರಂಗಮ್ಮ ನನಗೆ ಊಟಕ್ಕೆ ಬಡಿಸಿದಳು, ನೀರು ಕೊಟ್ಟಳು. ಹೊರಡುವಾಗ ಮಾತ್ರ ಜೊತೆಗೆ ಬರಲಿಲ್ಲ.

"ನೀವು ಹೋಗಿ. ನಿಮ್ ಯಜಮಾನ್ರು ಕಾಯ್ತಿರ್ತಾರೆ" ಎಂದಳು.

ಎಂಟು ತಿಂಗಳು ಅವಳು ತವರಿನಲ್ಲೇ ಉಳಿದಳು. ನಾನು ಕರೆಯಲು ಹೋಗಲಿಲ್ಲ. ಹಿರಿಯರು ಯಾರಾದರೂ ಹೋಗು ಅನ್ನಲಿ ಎಂದು ಕಾದೆ ಅಂತ ಕಾಣುತ್ತದೆ. ಯಾರೂ ಅನ್ನಲಿಲ್ಲ.

ಆ ಬೇಸಿಗೆ ಟೆಂಟು ಮಡಕಶಿರಕ್ಕೆ ಬಂತು, ಯಜಮಾನರು ನನ್ನನ್ನೇ ಕಳಿಸಿದರು. ಅವಳ ಮನೆ ಇದ್ದದ್ದು ಟೆಂಟಿನಿಂದ ಮೂರು ಬೀದಿ ಆಚೆ. ನಾನು ಆ ಮೂರು ಬೀದಿ ದಾಟಲಿಲ್ಲ. ಹಗಲೆಲ್ಲ ರೀಲು ತಿರುಗಿಸುತ್ತ, ಹರಿದದ್ದನ್ನು ಅಂಟಿಸುತ್ತ ಕೂತಿರುತ್ತಿದ್ದೆ.

ಎಲ್ಲ ಎಡವಟ್ಟಿಗೂ ಮೂಲ ಒಂದು ಪೆಟ್ಟಿಗೆ. ಹಂಚಿಕೆದಾರರ ಆಫೀಸಿನಿಂದ ಬಸ್ಸಿನ ಮೇಲೆ ಬರಬೇಕಾಗಿದ್ದದ್ದು ಒಂದು ಕತ್ತಿ ವರಸೆಯ ತೆಲುಗು ಸಿನಿಮಾ. ಎತ್ತಿನ ಗಾಡಿಯಲ್ಲಿ ಊರೆಲ್ಲ ಮೈಕ್ ಕೂಗಿ ಆಗಿತ್ತು. ಪೆಟ್ಟಿಗೆ ತೆರೆದರೆ ಎಂಟು ಡಬ್ಬಿ ಕಪ್ಪುಬಿಳುಪು, ಯಾವ ದೇಶದ್ದೋ, ಅಕ್ಷರ ಕೂಡ ಓದಲಿಕ್ಕೆ ಬಾರದ್ದು. ಯಾವುದೋ ಊರಿನ ದೊಡ್ಡ ಜನರ ಸಿನಿಮಾ ಸಂಘಕ್ಕೆ ಹೋಗಬೇಕಾಗಿದ್ದ ಪೆಟ್ಟಿಗೆ ಬಸ್‌ಸ್ಟ್ಯಾಂಡಿನಲ್ಲಿ ಅದಲುಬದಲಾಗಿತ್ತು. ನಮ್ಮ ಕತ್ತಿ ವರಸೆ ನೋಡಿ ಆ ಸಂಘದವರು ಏನು ಮಾಡಿದರೋ! ಟೆಂಟಿನ ಮುಂದೆ ಜನ ಸೇರಿಬಿಟ್ಟಿದ್ದರು. ಮೊದಲ ಆಟಕ್ಕೆಂದು ಬಂದಿದ್ದ ಯಜಮಾನರು ಬೆವರು ಒರೆಸಿಕೊಂಡು, "ಬಂದದ್ದನ್ನ ಓಡಸು. ಮೈಕಿನಾಗ ಕಥಿ ನೀನ ಹೇಳು" ಎಂದರು.

ಹೊರದೇಶದ ಸಿನಿಮಾ ಬಂದಾಗ ಆಪರೇಟರ್ ಮೈಕ್ ಹಿಡಿದು ಕನ್ನಡ, ತೆಲುಗು ಎರಡರಲ್ಲೂ ಕಥೆ ಹೇಳುವುದು ಟೆಂಟಿನ ಪದ್ಧತಿ. ಹೊಡೆದಾಟದ ಸಿನಿಮಾಕ್ಕೆ ಅದು ಸುಲಭ, ಒದ್ದ, ಬಿದ್ದ ಅಂದರೆ ಮುಗಿಯಿತು. ಇಲ್ಲಿ ಯಾರೂ ಯಾರನ್ನೂ ಒದೆಯುವುದಿಲ್ಲ. ಒಬ್ಬ ಟೊಪ್ಪಿಗೆ ಅಂಗಡಿ ಇಟ್ಟವನು, ಅವನ ಹೆಂಡತಿ. ಅವನು ದಿನವೆಲ್ಲ ಟೊಪ್ಪಿಗೆ ಒರೆಸುತ್ತಾನೆ, ಅವಳು ಕಿಟಕಿಯಲ್ಲಿ ನಿಲ್ಲುತ್ತಾಳೆ. ನಡುವೆ ಒಂದಿಷ್ಟು ಹೊತ್ತು ಸದ್ದೇ ಇಲ್ಲ. ಸೌಂಡ್ ಬಲ್ಬು ಹೋಯಿತೆಂದು ನಾನು ಮಿಷನ್ನಿನ ಮುಚ್ಚಳ ಬಿಚ್ಚಿ, ಬಲ್ಬು ಬದಲಿಸಿ, ಆಂಪ್ಲಿಫಯರಿಗೆ ಎರಡು ಏಟು ಕೊಟ್ಟೆ. ಕೆಳಗೆ "ಸೌಂಡೂ! ಸೌಂಡೂ!" ಎಂದು ಗದ್ದಲ. ಆಮೇಲೆ ತಿಳಿಯಿತು, ಬಲ್ಬು ನೆಟ್ಟಗಿತ್ತು, ಸಿನಿಮಾದವರೇ ಸುಮ್ಮನಿದ್ದರು.

ಕೊನೆಯ ರೀಲಿನಲ್ಲಿ ಆ ಹೆಂಗಸು ಒಂದು ಪೆಟ್ಟಿಗೆ ಹಿಡಿದು ಮನೆ ಬಿಟ್ಟು ಹೋಗುತ್ತಾಳೆ. ಗಂಡ ತಡೆಯುವುದಿಲ್ಲ. ಅಷ್ಟೇ, ಮುಗಿಯಿತು. ಗಲಾಟೆ ಮಾಡುತ್ತಿದ್ದ ಜನ ಅಷ್ಟು ಹೊತ್ತಿಗೆ ಯಾಕೋ ತಣ್ಣಗಾಗಿದ್ದರು. ಹೆಂಗಸರ ಕಡೆಯಿಂದ ಮೂಗು ಸೀಟುವ ಸದ್ದು ಕೇಳಿತು.

ಮರುದಿನ ಬೆಳಿಗ್ಗೆ ಯಜಮಾನರು ಬಂದು ಕೂತರು. "ಸರಿಯಾದ ಪೆಟ್ಟಿಗಿ ಬರಾಕ ಇನ್ನೂ ಎರಡ ದಿನ ಬೇಕಂತ. ಜನ ಹಿಂಗ ಅಳಕೋತ ಹೋದ್ರ ನಾಳಿ ಯಾರು ಬರ್ತಾರ? ಹೆಂಗರ ಮಾಡಿ ಆಕಿನ್ನ ಮನಿಗೆ ತರು."

"ಹೆಂಗ ತರ್ಲಿ ಯಜಮಾನ್ರ? ಆಕಿ ಹೋಗೇಬಿಟ್ಲು."

"ಮೊದಲ ಎಲ್ಲ್ಯೋ ಆಕಿ ಹೊರಗಿಂದ ಮನಿಗೆ ಬರೋದು ಐತಲ್ಲ, ಆ ರೀಲು ತಂದು ಕೊನಿಗೆ ಹಾಕು. ಬಾಗಲ ತಗದೈತಿ, ಬಾ ತಾಯಿ ಅಂತ ಮೈಕಿನಾಗ ಹೇಳು."

ಎರಡನೆಯ ರೀಲಿನಲ್ಲಿ ಅವಳು ಎಲ್ಲಿಗೋ ಹೋಗಿ ಪೆಟ್ಟಿಗೆಯೊಂದಿಗೆ ಮನೆಗೆ ಮರಳುವುದಿತ್ತು, ಗಂಡ ಬಾಗಿಲು ತೆರೆಯುತ್ತಾನೆ, ಅವಳು ನಗುತ್ತಾಳೆ. ನಮ್ಮ ಟೆಂಟಿನಲ್ಲಿ ಒಂದೇ ಮಿಷನ್, ಪ್ರತಿ ರೀಲಿಗೂ ನಿಲ್ಲಿಸಿ ಬದಲಿಸುವುದು. ಯಾವುದು ಹಿಂದೆ ಯಾವುದು ಮುಂದೆ ಎಂದು ಕೇಳುವವರಿಲ್ಲ. ಏಳನ್ನು ಮುಗಿಸಿ, ಎಂಟನ್ನು ಮುಗಿಸಿ, ಎರಡನ್ನು ಹಾಕಿದೆ. ಎಂಟನೆಯದರ ಕೊನೆಗೆ ಬರೀ ಖಾಲಿ ಬಾಗಿಲು ಕಾಣುವ ಉದ್ದನೆಯ ತುಂಡೊಂದಿತ್ತು. ಮನುಷ್ಯರೇ ಇಲ್ಲದ ಸೀನು ಯಾರಿಗೆ ಬೇಕು ಎಂದು ಕತ್ತರಿಸಿ ಎಸೆದೆ. ಮೈಕಿನಲ್ಲಿ ಹೇಳಬೇಕಾದದ್ದನ್ನು ಹೇಳಿದೆ. ಜನ ಸಿಳ್ಳೆ ಹೊಡೆದು ಎದ್ದರು.

ಟೆಂಟು ಖಾಲಿಯಾಗುತ್ತಿದ್ದಾಗ ಕ್ಯಾಬಿನ್ನಿನ ಬಳಿ ರಂಗಮ್ಮ ನಿಂತಿದ್ದಳು. ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟೆ.

"ಯಾವಾಗ ಹೊಂಡೋದು ರಾಯದುರ್ಗಕ್ಕೆ? ನಾನೂ ಬತ್ತೀನಿ" ಎಂದಳು.

ನಾನು ಏನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಿಸುವಳೋ ಎಂಬ ಹೆದರಿಕೆ. ಸಿನಿಮಾದ ಹೆಂಗಸು ಮನೆಗೆ ಮರಳಿದ್ದನ್ನು ನೋಡಿ ಇವಳಿಗೂ ಮನಸ್ಸು ಬಂತು ಎಂದುಕೊಂಡೆ. ಆ ಕೊನೆ ಸುಳ್ಳು, ನಾನು ಹಾಕಿದ್ದು, ಅದನ್ನು ಅವಳಿಗೆ ಹೇಳಬಾರದು ಎಂದೂ ಆವತ್ತೇ ತೀರ್ಮಾನಿಸಿದೆ. ನಲವತ್ತು ವರ್ಷ ಮೇಲಾಯಿತು. ಮಗಳು ಹುಟ್ಟಿದಳು, ಬೆಳೆದಳು, ಮದುವೆಯಾದಳು. ಕಾರ್ಬನ್ ಹೋಗಿ ದೊಡ್ಡ ಬಲ್ಬು ಬಂತು, ರೀಲು ಹೋಗಿ ಡಿಸ್ಕು ಬಂತು, ಕೊನೆಗೆ ನನ್ನನ್ನೂ ಮನೆಗೆ ಕಳಿಸಿದರು. ನಾನು ಬಾಯಿ ಬಿಡಲಿಲ್ಲ.

ಹೋದ ವರ್ಷ ಶಾಹೀನಾ ಮೇಡಂ ಕಾಲೇಜಿನಲ್ಲಿ ಒಂದು ಚಿತ್ರ ಸಂಘ ಶುರು ಮಾಡಿದರು. ಹಳೆಯ ಆಪರೇಟರ್ ಎಂದು ನನ್ನನ್ನೂ ಕರೆದರು. ಯುರೋಪಿನ ಒಬ್ಬ ಮಹಾ ನಿರ್ದೇಶಕನ ಸಿನಿಮಾಗಳು, ತಿಂಗಳಿಗೊಂದು. ಆತನ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ಬರೆಯಲು ಹೋಗಿ ತಪ್ಪು ಮಾಡುವುದು ಬೇಡ. ಬಹಳ ದೊಡ್ಡವನಂತೆ, ಅವನ ಮೇಲೆ ಪುಸ್ತಕಗಳಿವೆಯಂತೆ. ಮೊದಲನೆಯ ಸಿನಿಮಾ ಮುಗಿದು ದೀಪ ಹಾಕಿದಾಗ ನಾನು, "ಮೇಡಮ್ಮೋರ, ಇನ್ನೊಂದು ರೀಲು ಐತೇನ್ರಿ?" ಎಂದು ಕೇಳಿ ಎಲ್ಲರನ್ನೂ ನಗಿಸಿದೆ. ಎರಡನೆಯದು ನೋಡಿ ಇನ್ನೂ ತಲೆ ಕೆಟ್ಟಿತು. ಮನೆಗೆ ಬಂದು ಮಲಗಿದರೆ ಅದರ ಮುಖಗಳು ಬಿಡುವುದಿಲ್ಲ, ಅರ್ಥವೂ ಆಗುವುದಿಲ್ಲ. ಅರ್ಥವಾಗದ್ದನ್ನು ಮತ್ತೆ ನೋಡಬೇಕು ಅನ್ನಿಸುವುದು ಯಾವ ಸೀಮೆಯ ಹುಚ್ಚು?

ಮೂರನೆಯದರ ಪೋಸ್ಟರು ಅಂಟಿಸಿದ ದಿನ ನಾನು ಅದರ ಮುಂದೆಯೇ ನಿಂತುಬಿಟ್ಟೆ. ಕಿಟಕಿಯಲ್ಲಿ ನಿಂತ ಹೆಂಗಸು, ಕೆಳಗೆ ಟೊಪ್ಪಿಗೆ ಅಂಗಡಿ.

"ಇದನ್ನ ನಾನು ಓಡಿಸೀನ್ರಿ, ಮಡಕಶಿರದ ಟೆಂಟಿನಾಗ" ಎಂದು ಬಾಯಿ ತಪ್ಪಿ ಅಂದುಬಿಟ್ಟೆ.

ಮೇಡಂ ಕುಣಿಯುವುದೊಂದು ಬಾಕಿ. "ಏನ್ ಹೇಳ್ತೀರಿ ತಾತ! ಈ ಸಿನಿಮಾ ನಮ್ಮ ಕಡೆ ಯಾರೂ ನೋಡಿಲ್ಲ ಅಂದ್ಕೊಂಡಿದ್ದೆ. ಸಿನಿಮಾ ಮುಗಿದ ಮ್ಯಾಲೆ ನೀವು ಮಾತಾಡಬೇಕು, ಬಿಡಂಗಿಲ್ಲ."

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. "ಆ ಟೊಪ್ಪಿಗೆ ಅಂಗ್ಡಿ ಪಿಚ್ಚರ್ ಹಾಕ್ತಾವ್ರಂತೆ? ನಾನೂ ಬತ್ತೀನಿ" ಎಂದಳು ರಂಗಮ್ಮ. ಮೆಟ್ಟಿಲು ಜಾಸ್ತಿ, ನಿನ್ನ ಮೊಣಕಾಲು ನೋವು ಎಂದೆ. ಫ್ಯಾನಿಲ್ಲ ಎಂದೆ. ಅದು ನೀ ನೋಡಿದ್ದೇ ಅಲ್ಲವೇ ಎಂದೆ. "ನೋಡಿದ್ದುನ್ನ ತಿರ್ಗಾ ನೋಡ್ಬಾರ್ದಾ?" ಎಂದು ಅವಳು ಸೀರೆ ತೆಗೆದಿಟ್ಟಳು.

ನನ್ನ ಸ್ಥಿತಿ ನೀವೇ ಯೋಚಿಸಿ. ಸರಿಯಾದ ಕೊನೆ ನೋಡಿದರೆ ಅವಳಿಗೆ ಗೊತ್ತಾಗುತ್ತದೆ, ಸುಳ್ಳು ಸಿನಿಮಾ ನಂಬಿ ತಾನು ಗಂಡನ ಮನೆಗೆ ಬಂದೆ ಎಂದು. ಈ ವಯಸ್ಸಿನಲ್ಲಿ ಅದರಿಂದ ಏನಾಗುತ್ತದೆ ಎಂದು ಒಂದು ಮನಸ್ಸು. ಆಗದೆ ಏನು, ಇಡೀ ಬದುಕೇ ಮೋಸ ಅನ್ನಿಸೀತು ಎಂದು ಇನ್ನೊಂದು. ಒಂದು ವಾರ ಅನ್ನ ರುಚಿಸಲಿಲ್ಲ.

ಸಿನಿಮಾ ಹಾಕಿದರು. ಪ್ರತಿಯನ್ನು ತೊಳೆದು ಹೊಸದರಂತೆ ಮಾಡಿದ್ದರು. ಸದ್ದಿಲ್ಲದ ಆ ಭಾಗ ಬಂದಾಗ ಇಡೀ ಕೋಣೆ ಉಸಿರು ಹಿಡಿದು ಕೂತಿತ್ತು. ನಾನು ಆಂಪ್ಲಿಫಯರಿಗೆ ಏಟು ಕೊಟ್ಟ ಜಾಗ ಅದು. ಕೊನೆಗೆ ಅವಳು ಪೆಟ್ಟಿಗೆ ಹಿಡಿದು ಹೋದಳು. ಆಮೇಲೆ ಆ ಖಾಲಿ ಬಾಗಿಲು ಬಂತು, ನಾನು ಕತ್ತರಿಸಿ ಎಸೆದದ್ದು. ಯಾರೂ ಇಲ್ಲ, ಬರೀ ಬಾಗಿಲು, ಆಚೆ ಬೀದಿಯ ಬೆಳಕು. ನನಗೆ ಯಾಕೆ ಅಳು ಬಂತೋ ಗೊತ್ತಿಲ್ಲ. ನಾಚಿಕೆಯಿಂದ ಬಂತೋ, ದುಃಖದಿಂದ ಬಂತೋ, ಅದೂ ಗೊತ್ತಿಲ್ಲ. ಪಕ್ಕದಲ್ಲಿ ರಂಗಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಮೇಡಂ ನನ್ನ ಕೈಗೆ ಮೈಕು ಕೊಟ್ಟರು. ಮೈಕು ಕೈಗೆ ಬಂದರೆ ಆಪರೇಟರನ ಬಾಯಿ ನಿಲ್ಲುವುದಿಲ್ಲ. ಹೇಗಿದ್ದರೂ ಗುಟ್ಟು ರಟ್ಟಾಯಿತಲ್ಲ ಎಂಬ ಮೊಂಡು ಧೈರ್ಯ ಬೇರೆ. ಎಲ್ಲ ಹೇಳಿದೆ. ಪೆಟ್ಟಿಗೆ ಬದಲಾದದ್ದು, ಯಜಮಾನರು ಆಕೆಯನ್ನು ಮನೆಗೆ ತರು ಎಂದದ್ದು, ಎರಡನೆಯ ರೀಲು ಕೊನೆಗೆ ಹಾಕಿದ್ದು, ಬಾ ತಾಯಿ ಎಂದು ಅವರು ಹೇಳಿಕೊಟ್ಟಂತೆ ಕೂಗಿದ್ದು. ರಂಗಮ್ಮ ಟೆಂಟಿಗೆ ಬಂದಿದ್ದನ್ನೊಂದು ಬಿಟ್ಟೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು, ಚಪ್ಪಾಳೆ ಹೊಡೆದರು. ರಂಗಮ್ಮ ನಗಲಿಲ್ಲ.

ಆಟೋದಲ್ಲಿ ಮನೆಗೆ ಬಂದು ರಂಗಮ್ಮ ಚಪ್ಪಲಿ ಬಿಟ್ಟು, ಜಗಲಿಯ ಮೇಲೆ ಕೂತಳು.

"ನಾನು ಮೊದ್ಲನೇ ದಿನಾನೂ ಬಂದಿದ್ದೆ" ಎಂದಳು.

"ಎಲ್ಲಿಗೆ?"

"ಟೆಂಟಿಗೆ. ಮೈಕಿನಾಗೆ ನಿಮ್ ದನಿ ಕೇಳ್ತು. ಅಮ್ಮನ್ನ ಕರ್ಕಂಡು ಬಂದು ಹೆಂಗಸ್ರ ಕಡೆ ಕೂತಿದ್ದೆ. ಆವತ್ತು ಆವಮ್ಮ ಮನೆ ಬಿಟ್ಟು ಹೊಂಟೋದ್ಲು. ಮನೇಗ್ ಬಂದು ಅತ್ತೆ. ಮಾರ್ನೇ ದಿನ ತಿರ್ಗಾ ನೋಡಾನ ಅನ್ಸಿ ಬಂದೆ. ಆವತ್ತು ಆವಮ್ಮ ವಾಪಸ್ ಬಂದ್ಲು. ಬಾಗ್ಲು ತೆಗೆದೈತೆ, ಬಾ ತಾಯಿ ಅಂತ ನೀವೇ ಕೂಗಿದ್ರಿ."

ಎರಡೂ ಕೊನೆ ಇವಳಿಗೆ ಗೊತ್ತಿತ್ತು! ಹಾಗಾದರೆ ಇಷ್ಟು ವರ್ಷ ನಾನು ಹೆದರಿದ್ದು ಯಾವುದಕ್ಕೆ?

"ಈ ಮನುಷ್ಯ ಬಾಯಿ ಬಿಟ್ಟು ಕರಿಯಾಕಾಗ್ದೆ, ಪಿಚ್ಚರ್‌ನೇ ತಿರುಗ್ಸಿ ನನ್ನ ಕರೀತಾವ್ರೆ ಅಂದ್ಕಂಡೆ. ಅದ್ಕೇ ಬಂದೆ. ಇಷ್ಟ್ ವರ್ಸ ಅಂಗೇ ಅಂದ್ಕಂಡಿದ್ದೆ. ಇವತ್ತು ಮೈಕಿನಾಗೆ ಹೇಳಿದ್ರಿ, ಯಜಮಾನ್ರು ಹೇಳಿದ್ದು ಅಂತ."

ನಾನು ಕಂಬ ಹಿಡಿದು ನಿಂತೆ. ಅವಳು ನನ್ನ ಕಡೆ ನೋಡಿದಳು.

"ಯಜಮಾನ್ರು ಹೇಳ್ದಿದ್ರೆ ತಿರುಗಿಸ್ತಿದ್ರಾ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಮುಖಕ್ಕೆ ಸುಳ್ಳು ಹೇಳಲು ನನ್ನ ಕೈಲಾಗಲಿಲ್ಲ.

"ಇಲ್ಲ ರಂಗಮ್ಮ. ನನಗ ತೋಚತಿದ್ದಿಲ್ಲ" ಎಂದೆ.

ಅವಳು ತಲೆಯಾಡಿಸಿ ಒಳಗೆ ಹೋಗಿ ಅನ್ನಕ್ಕಿಟ್ಟಳು.

ಮರುದಿನ ಬೆಳಿಗ್ಗೆ ಎರಡು ಸೀರೆ ಚೀಲಕ್ಕೆ ತುರುಕಿಕೊಂಡು, "ತಂಗಿ ಮನೇಗೆ ಹೋಗ್ ಬತ್ತೀನಿ" ಎಂದಳು. ಮಡಕಶಿರದಲ್ಲಿರುವ ತಂಗಿಯ ಮನೆಗೆ ಅವಳು ವರ್ಷಕ್ಕೆ ಎರಡು ಸಲ ಹೋಗುವುದುಂಟು. ಇದು ಆ ಎರಡರಲ್ಲಿ ಒಂದೋ, ಬೇರೆಯದೋ? ಸಿಟ್ಟಿದ್ದರೆ ಸಾರು ಮಾಡಿಟ್ಟು ಹೋಗುತ್ತಿದ್ದಳೇ? ಸಿಟ್ಟಿಲ್ಲದಿದ್ದರೆ ಯಾವಾಗ ಬರುತ್ತೇನೆಂದು ಹೇಳುತ್ತಿರಲಿಲ್ಲವೇ? ಫೋನ್ ಮಾಡಿದರೆ ತಂಗಿ ಎತ್ತಿ, "ಅಕ್ಕ ಹೊಲ್ತಾಕೆ ಹೋಗವ್ಳೆ ಭಾವ" ಎಂದಳು. ಸಂಜೆ ಮಾಡಿದರೂ ಹೊಲದಲ್ಲೇ ಇದ್ದಳು. ಮೂರು ದಿನ ಅವಳು ಹೊಲ ಬಿಟ್ಟು ಬರಲಿಲ್ಲ.

ನಾಲ್ಕನೆಯ ದಿನ ಶಾಹೀನಾ ಮೇಡಂ ಹತ್ತಿರ ಹೋದೆ. ಮುಂದಿನ ತಿಂಗಳ ಸಿನಿಮಾದ ವಿಚಾರ ಎಂದು ನೆಪ ಮಾಡಿ ಎಲ್ಲ ಹೇಳಿಕೊಂಡೆ. "ನಾ ಈಗ ಏನು ಮಾಡ್ಲಿ ಹೇಳ್ರಿ" ಎಂದೆ.

"ನಾ ಹೇಳಂಗಿಲ್ಲ ತಾತ" ಎಂದರು. "ನಾ ಹೇಳಿದ್ರ ಕೆಡ್ತೈತಿ."

ಆಗ ಮಾತ್ರ ಸಿಟ್ಟು ಬಂತು, ಏನು ಓದಿದ್ದಾರೆ ಇವರು, ಒಂದು ಮಾತು ಹೇಳಲಾರರೇ ಎಂದು. ಮನೆಯ ದಾರಿ ಹಿಡಿದವನು ಅರ್ಧದಲ್ಲಿ ನಿಂತೆ. ಯಾರನ್ನು ಕೇಳಲಿ ಎಂದು ಯೋಚಿಸಿದರೆ ಯಾರೂ ಇಲ್ಲ. ಬಸ್‌ಸ್ಟ್ಯಾಂಡು ಎಡಕ್ಕಿತ್ತು.

ಉಟ್ಟ ಪಂಚೆಯಲ್ಲೇ ಹತ್ತಿದೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿದೆ, ಪಾವಗಡದಲ್ಲಿ ಮತ್ತೆ ಬದಲಿಸಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿದೆ, ಕಿತ್ತೆ, ಮತ್ತೆ ಜೋಡಿಸಿದೆ. ಮಡಕಶಿರದಲ್ಲಿ ಇಳಿದಾಗ ಒಂದು ಮಾತೂ ನೆನಪಿರಲಿಲ್ಲ. ಹಿಂದೆ ಟೆಂಟು ಹಾಕುತ್ತಿದ್ದ ಬಯಲು ಹುಡುಕಿದೆ, ಅಲ್ಲಿ ಮನೆಗಳೆದ್ದಿದ್ದವು. ಅಲ್ಲಿಂದ ಮೂರು ಬೀದಿ ನಡೆದೆ.

ರಂಗಮ್ಮ ಅಂಗಳದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಕೈ ನಿಂತಿತು. ಎದ್ದು ಬರಲಿಲ್ಲ.

"ಯಾರ್ ಹೇಳಿ ಕಳ್ಸಿದ್ರು?" ಎಂದಳು.

"ಯಾರೂ ಹೇಳಲಿಲ್ಲ."

ಅವಳು ನನ್ನ ಹಿಂದೆ ಬೀದಿಯ ಕಡೆ ಒಮ್ಮೆ ನೋಡಿದಳು, ನಿಜವಾಗಿ ಒಬ್ಬನೇ ಬಂದಿದ್ದಾನೋ ಎಂದು. ಆಮೇಲೆ ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದಳು.

"ಬಿಸ್ಲಾಗೆ ಯಾಕ್ ನಿಂತಿದೀರಾ? ಬನ್ನಿ ಒಳೀಕೆ" ಎಂದಳು.